ಗೋಡೆಯ ಆಧಾರ, ಕಾಗದದ ಅಭಯ

ಬೆಂಗಳೂರಿನ ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು ಪ್ರಸಾರವನ್ನಾರಂಭಿಸಿದ ಕಾಲದಲ್ಲಿ ನಮ್ಮ ಮನೆಗಳನ್ನು ಪ್ರವೇಶಿಸಿದ ಟಿ.ವಿ.ಯು ನಿಜಕ್ಕೂ ಒಂದು ಪೆಟ್ಟಿಗೆಯಾಗಿತ್ತು. ಎಷ್ಟೋ ಮನೆಗಳಲ್ಲಿ ಅದು ನಾಲ್ಕು ಕಾಲುಗಳ ಮೇಲೆ ನಿಂತು, ಎರಡು ಪಕ್ಕಕ್ಕೂ ಸರಿಯುವ ಮರದ ಬಾಗಿಲುಗಳನ್ನು ತಳೆದು, ಪಡಸಾಲೆಯ ಒಂದು ಮೂಲೆಯನ್ನು ತನ್ನದಾಗಿ ಮಾಡಿಕೊಂಡಿತ್ತು. ಅದರ ಭಾರವನ್ನು ನೆಲವು ಹೊರುತ್ತಿದ್ದುದರಿಂದ ಗೋಡೆಗೆ ಅದರ ಚಿಂತೆಯಿರಲಿಲ್ಲ. ಅದು ಕೆಟ್ಟರೆ ಪೇಟೆಯ ರೇಡಿಯೋ ರಿಪೇರಿಯವರು ಬೆನ್ನಿನ ಮುಚ್ಚಳವನ್ನು ಬಿಚ್ಚಿ, ಸುಟ್ಟುಹೋದ ಬಿಡಿಭಾಗವನ್ನು ಬೆಸುಗೆ ಕಡ್ಡಿಯಿಂದ ತೆಗೆದು ಹೊಸದನ್ನು ಕೂಡಿಸುತ್ತಿದ್ದುದರಿಂದ ಮನೆಯವರಿಗೆ ಕಾಗದಪತ್ರಗಳ ಚಿಂತೆಯೂ ಬಹುಮಟ್ಟಿಗೆ ಇರಲಿಲ್ಲ. ಈಗ ಆ ಪೆಟ್ಟಿಗೆಯು ಕರಗಿ ಎರಡು ಮೂರು ಅಂಗುಲ ದಪ್ಪದ ಫಲಕವಾಗಿ ಪರಿಣಮಿಸಿದೆ. ಈ ರೂಪಾಂತರದಿಂದ ಎರಡು ಹೊಣೆಗಳು ಸ್ಥಾನಪಲ್ಲಟಗೊಂಡುವು: ನೆಲ ಹೊರುತ್ತಿದ್ದ ಭಾರವು ಗೋಡೆಯ ಪಾಲಿಗೆ ಬಂದಿತು, ರಿಪೇರಿಯವರ ಕೈಚಳಕವು ಹೊರುತ್ತಿದ್ದ ಭಾರವು ವಾರಂಟಿಯೆಂಬ ಕಾಗದದ ಪಾಲಿಗೆ ಹೋಯಿತು.

ಆದರೆ ಹೊಸ ಟಿ.ವಿ.ಯನ್ನು ಕೊಳ್ಳುವ ಸಂಸಾರಗಳಲ್ಲಿ ಬಹುಪಾಲು ಈ ಎರಡು ಹೊಣೆಗಳನ್ನು ಕುರಿತು ಆಲೋಚಿಸುವುದು ಅಂಗಡಿಯಲ್ಲಿ ಕಳೆಯುವ ಕಡೆಯ ಹತ್ತು ನಿಮಿಷಗಳಲ್ಲಿ. ಚಿತ್ರದ ಬಣ್ಣ, ಪರದೆಯ ಅಳತೆ, ಕಂತುಗಳ ಲೆಕ್ಕ ಇವೆಲ್ಲವನ್ನೂ ವಾರಗಟ್ಟಲೆ ಚರ್ಚಿಸಿ ನಿರ್ಧರಿಸಿದವರು, ಬಿಲ್ಲು ಬರೆಯುವ ಹೊತ್ತಿಗೆ ಮಾರಾಟದ ಹುಡುಗನು ‘ವಾಲ್ ಮೌಂಟ್ ಯಾವುದು ಹಾಕಲಿ ಸಾರ್, ಎಕ್ಸ್‌ಟೆಂಡೆಡ್ ವಾರಂಟಿ ಸೇರಿಸಿಬಿಡಲೇ’ ಎಂದು ಕೇಳಿದಾಗ, ದಣಿದ ಮನಸ್ಸಿನಿಂದ ಹೂಂಗುಟ್ಟುವುದನ್ನೋ ಬೇಡವೆನ್ನುವುದನ್ನೋ ಕಾಣುತ್ತೇವೆ. ವಸ್ತುವಿನ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಣಯಿಸುವ ಪ್ರಶ್ನೆಗಳು ಇವೆರಡೇ ಆಗಿರುವುದರಿಂದ ಇವು ಮನೆಯಲ್ಲಿ, ಸಾವಧಾನವಾಗಿ, ಕೊಳ್ಳುವುದಕ್ಕೆ ಮುಂಚೆಯೇ ಇತ್ಯರ್ಥವಾಗತಕ್ಕವು. ಇವೆರಡಕ್ಕೂ ಪರಸ್ಪರ ಸಂಬಂಧವುಂಟೆಂಬುದೂ, ಕಾಗದವು ಯಾವುದನ್ನು ಕಾಯುವುದಿಲ್ಲವೋ ಅದನ್ನು ಬಹುತೇಕ ಗೋಡೆಯೇ ಕಾಯಬೇಕೆಂಬುದೂ ಈ ಲೇಖನದ ಮುಖ್ಯಾಭಿಪ್ರಾಯ.

ಮೂರು ಬಗೆಯ ಆಧಾರಗಳು

ಯಾವ ಕಂಪನಿಯ ಟಿ.ವಿ.ಯೇ ಆಗಲಿ, ಅದರ ಬೆನ್ನನ್ನು ನೋಡಿದರೆ ಚೌಕಾಕಾರವಾಗಿಯೋ ಆಯತಾಕಾರವಾಗಿಯೋ ಇರುವ ನಾಲ್ಕು ರಂಧ್ರಗಳು ಕಾಣುತ್ತವೆ. ಈ ರಂಧ್ರಗಳ ಅಂತರವು ತಯಾರಕರ ಮನಸ್ಸಿಗೆ ಬಂದಂತೆ ಇರುವುದಲ್ಲ. 1989ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ವೀಡಿಯೋ ಎಲೆಕ್ಟ್ರಾನಿಕ್ಸ್ ಸ್ಟ್ಯಾಂಡರ್ಡ್ಸ್ ಅಸೋಸಿಯೇಷನ್, ಎಂದರೆ ‘ವೆಸಾ’ ಎಂಬ ಸಂಸ್ಥೆಯು ರೂಪಿಸಿದ ಮಾನಕ್ಕೆ ಅನುಗುಣವಾಗಿ, ಚಿಕ್ಕ ಪರದೆಗಳಲ್ಲಿ 100×100, ಮಧ್ಯಮ ಗಾತ್ರದವುಗಳಲ್ಲಿ 200×200, ದೊಡ್ಡವುಗಳಲ್ಲಿ 400×400 ಮಿಲಿಮೀಟರ್, ಹೀಗೆ ಈ ಅಂತರಗಳು ಸಾಮಾನ್ಯವಾಗಿ ನಿಯತವಾಗಿವೆ. ಕೊಳ್ಳುವ ಆಧಾರವು ಈ ಅಂತರಕ್ಕೂ ಟಿ.ವಿ.ಯ ತೂಕಕ್ಕೂ ಹೊಂದಬೇಕಾದುದು ಮೊದಲ ನಿಯಮ. ಎರಡನೆಯದು ಸ್ಕ್ರೂಗಳ ಉದ್ದ. ಅತಿ ಉದ್ದವಾದುದು ಒಳಗಿನ ಸರ್ಕ್ಯೂಟ್ ಫಲಕವನ್ನೋ ಪರದೆಯ ಬೆನ್ನನ್ನೋ ಚುಚ್ಚಬಹುದು. ಅತಿ ಗಿಡ್ಡವಾದುದು ಎರಡೇ ಸುತ್ತು ಹಿಡಿದು ಭರವಸೆಯ ಭ್ರಮೆಯನ್ನು ಕೊಡಬಹುದು. ಟಿ.ವಿ.ಯೊಡನೆ ಬರುವ ಕೈಪಿಡಿಯಲ್ಲಿ ಸ್ಕ್ರೂವಿನ ದಪ್ಪವೂ ಉದ್ದವೂ ನಮೂದಾಗಿರುತ್ತವೆ. ಆ ಪುಟವನ್ನು ಓದಿಕೊಂಡು ಕೂಡಿಸುವವನ ಪಕ್ಕದಲ್ಲಿ ನಿಲ್ಲುವುದು ಗೃಹಸ್ಥನ ಹಕ್ಕೂ ಹೌದು, ಕರ್ತವ್ಯವೂ ಹೌದು.

ಆಧಾರಗಳಲ್ಲಿ ಮುಖ್ಯವಾಗಿ ಮೂರು ಬಗೆ: ಗೋಡೆಗೆ ಒತ್ತಿ ನಿಲ್ಲುವ ಸ್ಥಿರವಾದುದು, ಮೇಲಿನಿಂದ ಕೆಳಕ್ಕೆ ಹತ್ತು ಹದಿನೈದು ಅಂಶಗಳಷ್ಟು ಬಾಗುವಂಥದು, ತೋಳನ್ನು ಚಾಚಿ ಎಡಬಲಕ್ಕೆ ತಿರುಗುವಂಥದು. ಮೂರನೆಯದರ ಆಕರ್ಷಣೆ ದೊಡ್ಡದು. ಅಡಿಗೆಮನೆಯಿಂದಲೂ ಊಟದ ಮೇಜಿನಿಂದಲೂ ನೋಡಬಹುದೆಂಬ ಆಸೆ ಯಾರಿಗಾದರೂ ಸಹಜ. ಆದರೆ ಆ ತೋಳು ಗೋಡೆಯಿಂದ ಬೇಡುವ ಬೆಲೆ ಎಷ್ಟೆಂಬುದನ್ನು ಅರಿಯಬೇಕು. ಏತದ ಮರದಲ್ಲಿ ಭಾರವು ಕಂಬದಿಂದ ದೂರ ಹೋದಷ್ಟೂ ಅದನ್ನು ಸರಿದೂಗಿಸುವ ಬಲವು ಹೇಗೆ ಹೆಚ್ಚುತ್ತದೆಯೋ ಹಾಗೆಯೇ ಇಲ್ಲಿಯೂ. ಹದಿನೈದು ಕಿಲೋಗ್ರಾಂ ತೂಗುವ ಒಂದು 55 ಅಂಗುಲದ ಟಿ.ವಿ.ಯ ಭಾರಕೇಂದ್ರವು ಸ್ಥಿರವಾದ ಆಧಾರದಲ್ಲಿ ಗೋಡೆಯಿಂದ ಐದು ಸೆಂಟಿಮೀಟರ್ ದೂರದಲ್ಲಿದೆಯೆಂದೂ, ಮೇಲಿನ ಕೆಳಗಿನ ಬೋಲ್ಟುಗಳ ನಡುವೆ ಹದಿನೈದು ಸೆಂಟಿಮೀಟರ್ ಅಂತರವಿದೆಯೆಂದೂ ಎಣಿಸಿದರೆ, ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಸೆಳೆಯುವ ಬಲವು ಸುಮಾರು ಐದು ಕಿಲೋಗ್ರಾಮಿನಷ್ಟು. ಅದೇ ಟಿ.ವಿ.ಯನ್ನು ತೋಳಿನ ಮೇಲೆ ಗೋಡೆಯಿಂದ ಐವತ್ತು ಸೆಂಟಿಮೀಟರ್ ದೂರಕ್ಕೆ ಎಳೆದಾಗ ಆ ಸೆಳೆತವು ಐವತ್ತು ಕಿಲೋಗ್ರಾಮಿಗೆ ಏರುತ್ತದೆ. ವಸ್ತುವಿನ ತೂಕ ಒಂದು ಚೂರೂ ಹೆಚ್ಚಲಿಲ್ಲ. ಗೋಡೆಯ ಮೇಲಿನ ಸೆಳೆತ ಹತ್ತುಮಡಿಯಾಯಿತು. ಇದರ ಮೇಲೆ ಮಕ್ಕಳು ಅದರ ಅಂಚನ್ನು ಹಿಡಿದು ಜಗ್ಗಿದರೆ ಆಗತಕ್ಕದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದಕಾರಣ ಎದುರಿನಿಂದಲೇ ನೋಡುವ ಮನೆಗಳಿಗೆ ಸ್ಥಿರವಾದುದೋ ಬಾಗುವಂಥದೋ ಸಾಕು. ತೋಳು ನಿಜವಾಗಿ ಬೇಕಾದವರು ಅದನ್ನು ಗಟ್ಟಿಯಾದ ಇಟ್ಟಿಗೆಯ ಅಥವಾ ಕಾಂಕ್ರೀಟಿನ ಗೋಡೆಗೆ ಮಾತ್ರ ಒಪ್ಪಿಸಬೇಕು.

ನಮ್ಮ ಗೋಡೆಗಳ ಗುಣ

ಗೋಡೆಯೆಂದರೆ ಎಲ್ಲೆಡೆಯೂ ಒಂದೇ ಅಲ್ಲ. ಮೈಸೂರು, ಮಂಡ್ಯಗಳ ಹಳೆಯ ಮನೆಗಳಲ್ಲಿ ಸುಟ್ಟ ಇಟ್ಟಿಗೆ; ಕರಾವಳಿಯಲ್ಲಿ ಕೆಂಪುಕಲ್ಲು, ಅದನ್ನೇ ಘಟ್ಟದ ಮೇಲೆ ಕೆಲವೆಡೆ ಜಂಬಿಟ್ಟಿಗೆಯೆನ್ನುತ್ತಾರೆ; ಧಾರವಾಡದ ಕಡೆಯ ಹಳೆಯ ವಾಡೆಗಳಲ್ಲಿ ದಪ್ಪನಾದ ಮಣ್ಣಿನ ಗೋಡೆ; ಕಲಬುರ್ಗಿಯ ಸೀಮೆಯಲ್ಲಿ ಶಹಾಬಾದಿನ ಕಲ್ಲು; ಬೆಂಗಳೂರಿನ ಹೊಸ ವಸತಿ ಸಮುಚ್ಚಯಗಳಲ್ಲಿ ಕಾಂಕ್ರೀಟ್ ಬ್ಲಾಕು, ಟೊಳ್ಳು ಬ್ಲಾಕು, ಎ.ಎ.ಸಿ. ಎಂಬ ಹಗುರವಾದ ರಂಧ್ರಮಯ ಬ್ಲಾಕು. ಇವುಗಳಲ್ಲಿ ಒಂದೊಂದೂ ಬೋಲ್ಟನ್ನು ಹಿಡಿದುಕೊಳ್ಳುವ ರೀತಿ ಬೇರೆ ಬೇರೆ. ಹಿಡಿದುಕೊಳ್ಳುವ ಮರ್ಮವಿರುವುದು ಸ್ಕ್ರೂವಿನಲ್ಲಿ ಅಲ್ಲ, ಅದರ ಸುತ್ತಲಿನ ಪ್ಲಗ್ಗಿನಲ್ಲಿ. ಜರ್ಮನಿಯ ಆರ್ಟುರ್ ಫಿಷರ್ ಎಂಬ ಉಪಜ್ಞಕನು 1958ರಲ್ಲಿ ರೂಪಿಸಿದ ನೈಲಾನ್ ಪ್ಲಗ್ಗಿನ ತತ್ತ್ವವು ಇಂದಿಗೂ ನಡೆದುಬಂದಿದೆ: ಸ್ಕ್ರೂ ಒಳಹೊಕ್ಕಂತೆ ಪ್ಲಗ್ಗು ಹಿಗ್ಗುತ್ತದೆ, ಹಿಗ್ಗಿ ರಂಧ್ರದ ಪಕ್ಕಗಳನ್ನು ಒತ್ತುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಭಾರವನ್ನು ತಡೆಯುತ್ತದೆ. ರಂಧ್ರದ ಪಕ್ಕಗಳೇ ಪುಡಿಯಾಗುವಂತಿದ್ದರೆ ಎಂಥ ಉತ್ತಮವಾದ ಪ್ಲಗ್ಗಿಗೂ ಆಸರೆಯಿಲ್ಲ.

ಗೋಡೆಯ ಗುಣವನ್ನು ತಿಳಿಯುವುದಕ್ಕೆ ಎಂಜಿನಿಯರರು ಬರಬೇಕಾಗಿಲ್ಲ. ಮೊದಲ ರಂಧ್ರವನ್ನು ಕೊರೆಯುವಾಗ ಕಣ್ಣಿಟ್ಟು ನೋಡಿದರೆ ಸಾಕು. ಆರಂಭದಲ್ಲಿ ಉದುರುವುದು ಗಾರೆಯ ಬೂದುಬಣ್ಣದ ಮರಳು. ಇದು ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲದವರೆಗಿನ ಹೊರಪದರ, ಭಾರ ಹೊರಲು ಇದಕ್ಕೆ ಶಕ್ತಿಯಿಲ್ಲ. ಬಳಿಕ ಕೆಂಪು ಹಿಟ್ಟು ಸಮನಾಗಿ ಇಳಿಯತೊಡಗಿದರೆ ಡ್ರಿಲ್ಲು ಇಟ್ಟಿಗೆಯನ್ನು ಮುಟ್ಟಿದೆ. ಹಿಟ್ಟು ಬೂದುಬಣ್ಣದ್ದಾಗಿ, ಯಂತ್ರವು ಹೆಣಗುತ್ತ ಕೂಗಿದರೆ ಕಾಂಕ್ರೀಟು. ಬೆಳ್ಳನೆಯ ಮೃದುವಾದ ಪುಡಿ ಸಲೀಸಾಗಿ ಸುರಿದರೆ ಎ.ಎ.ಸಿ. ಬ್ಲಾಕು, ಒಂದಂಗುಲ ಕೊರೆದ ಮೇಲೆ ಯಂತ್ರವು ಥಟ್ಟನೆ ಒಳಕ್ಕೆ ಜಾರಿದರೆ ಹಿಂದೆ ಇರುವುದು ಟೊಳ್ಳು. ಇಟ್ಟಿಗೆಯೂ ಕಾಂಕ್ರೀಟೂ ಆದರೆ ಸಾಮಾನ್ಯ ಪ್ಲಗ್ಗೋ ಲೋಹದ ಆಂಕರ್ ಬೋಲ್ಟೋ ಸಾಕು. ಟೊಳ್ಳು ಬ್ಲಾಕಿಗೂ ಎ.ಎ.ಸಿ.ಗೂ ಅವುಗಳಿಗೆಂದೇ ಮಾಡಿದ ಉದ್ದನೆಯ ಪ್ಲಗ್ಗುಗಳು ಬೇಕು, ಡ್ರಿಲ್ಲಿನ ಸುತ್ತಿಗೆಯೇಟನ್ನು ನಿಲ್ಲಿಸಿ ಬರಿಯ ತಿರುಗುವಿಕೆಯಿಂದ ಕೊರೆಯಬೇಕು. ಕೆಂಪುಕಲ್ಲಿನಲ್ಲಿ ರಂಧ್ರವು ಬೇಕಾದುದಕ್ಕಿಂತ ಅಗಲವಾಗಿ ಪ್ಲಗ್ಗು ಒಳಗೇ ಸುತ್ತತೊಡಗುವುದುಂಟು. ಅಂಥಲ್ಲಿ ಅಂಟಿನಿಂದ ಬೆಸೆಯುವ ಕೆಮಿಕಲ್ ಆಂಕರ್ ಒಳ್ಳೆಯದು. ಮಣ್ಣಿನ ಗೋಡೆಗೆ ನೇರವಾಗಿ ಏನನ್ನೂ ತೂಗಹಾಕದೆ, ಗೋಡೆಯೊಳಗಿನ ಮರದ ಕಂಬಗಳಿಂದ ಕಂಬಕ್ಕೆ ದಪ್ಪನೆಯ ಹಲಗೆಯನ್ನು ಬಿಗಿದು ಆ ಹಲಗೆಗೆ ಆಧಾರವನ್ನು ಕೂಡಿಸುವುದು ಬುದ್ಧಿವಂತಿಕೆ. ಕಂಬ ಸಿಗದಿದ್ದರೆ ಮೇಜೇ ಲೇಸು.

ಸ್ಥಳವನ್ನು ಗುರುತಿಸುವಾಗಲೂ ಎಚ್ಚರ ಬೇಕು. ಸ್ವಿಚ್ ಬೋರ್ಡಿನ ನೇರ ಮೇಲಕ್ಕೂ ಕೆಳಕ್ಕೂ ಗೋಡೆಯೊಳಗೆ ವಿದ್ಯುತ್ತಿನ ಕೊಳವೆ ಹಾದಿರುವುದು ವಾಡಿಕೆ, ಅಲ್ಲಿ ಕೊರೆಯಲಾಗದು. ಬಚ್ಚಲಿಗೆ ಬೆನ್ನು ಕೊಟ್ಟ ಗೋಡೆಯಲ್ಲಿ ನೀರಿನ ಪೈಪೂ ಇರಬಹುದು, ತೇವವೂ ಇರಬಹುದು. ಬಾಡಿಗೆಯ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಲೇಸು. ಮನೆ ಬಿಡುವ ದಿನ ಮುಂಗಡದ ಹಣದಲ್ಲಿ ರಂಧ್ರಗಳ ಲೆಕ್ಕ ಕಟ್ಟಿಸಿಕೊಳ್ಳುವ ಮುಜುಗರ ಅದರಿಂದ ತಪ್ಪುತ್ತದೆ.

ಎತ್ತರದ ವಿಷಯದಲ್ಲಿ ನಮ್ಮಲ್ಲಿ ಒಂದು ಅಭ್ಯಾಸ ಬೇರೂರಿದೆ: ದೇವರ ಪಟವನ್ನು ತೂಗಹಾಕುವಷ್ಟು ಎತ್ತರದಲ್ಲಿ ಟಿ.ವಿ.ಯನ್ನೂ ತೂಗಹಾಕುವುದು. ಕುರ್ಚಿಯ ಮೇಲೆ ಕುಳಿತವರ ಕಣ್ಣು ನೆಲದಿಂದ ಸುಮಾರು 42 ಅಂಗುಲ ಎತ್ತರದಲ್ಲಿರುತ್ತದೆ. ಪರದೆಯ ಮಧ್ಯಭಾಗವು ಅದರ ಆಸುಪಾಸಿನಲ್ಲಿದ್ದರೆ ಕುತ್ತಿಗೆಗೆ ಶ್ರಮವಿಲ್ಲ. 55 ಅಂಗುಲದ ಪರದೆಯ ಎತ್ತರವು 27 ಅಂಗುಲವಾದ್ದರಿಂದ ಅದರ ಕೆಳಅಂಚು ನೆಲದಿಂದ ಸುಮಾರು 28 ಅಂಗುಲದಲ್ಲಿ ಬರಬೇಕಾಗುತ್ತದೆ. ಚಾಪೆಯ ಮೇಲೆ ಕುಳಿತು ನೋಡುವ ಮನೆಗಳಲ್ಲಿ ಇನ್ನೂ ತಗ್ಗಿಸಬಹುದು. ಚಿಕ್ಕ ಮಕ್ಕಳ ದೆಸೆಯಿಂದ ಎತ್ತರಿಸಲೇಬೇಕಾದರೆ ಬಾಗುವ ಆಧಾರವನ್ನು ಆರಿಸಿಕೊಂಡು ಪರದೆಯನ್ನು ಕಣ್ಣಿನ ಕಡೆಗೆ ಓಲಿಸತಕ್ಕದ್ದು. ರಂಧ್ರಗಳನ್ನು ಗುರುತು ಮಾಡುವಾಗ ಗಾರೆಯವರ ರಸಮಟ್ಟವೊಂದನ್ನು ಇಟ್ಟು ನೋಡುವುದಕ್ಕೆ ಒಂದು ನಿಮಿಷ ಸಾಕು. ಸೊಟ್ಟಗೆ ನಿಂತ ಪರದೆಯನ್ನು ಕಣ್ಣು ವರ್ಷಗಟ್ಟಲೆ ಸಹಿಸಬೇಕಾಗುತ್ತದೆ.

ಕಾಗದವು ಕಾಯುವುದೇನನ್ನು?

ಇನ್ನು ವಿಸ್ತೃತ ವಾರಂಟಿಯ ಮಾತು. ಟಿ.ವಿ.ಗೆ ತಯಾರಕರು ಕೊಡುವ ವಾರಂಟಿಯು ಸಾಮಾನ್ಯವಾಗಿ ಒಂದು ವರ್ಷದ್ದು, ಕೆಲವರದು ಅದಕ್ಕಿಂತ ಹೆಚ್ಚು. ಅದು ಮುಗಿದ ಮರುದಿನದಿಂದ ಒಂದೆರಡು ವರ್ಷಗಳವರೆಗೆ ರಿಪೇರಿಯ ಹೊಣೆಯನ್ನು ಮುಂದುವರಿಸುವೆವೆಂಬ ವಾಗ್ದಾನವನ್ನು ಹಣಕ್ಕೆ ಮಾರುವುದೇ ಈ ವಿಸ್ತೃತ ವಾರಂಟಿ. ಅದರ ಬೆಲೆಯನ್ನು ತೂಗಿ ನೋಡಬೇಕಾದರೆ ಟಿ.ವಿ.ಯ ಒಡಲಲ್ಲಿ ಏನಿದೆಯೆಂಬುದನ್ನು ತಿಳಿದಿರಬೇಕು. ಮುಂದೆ ಗಾಜಿನ ಪ್ಯಾನೆಲ್; ಅದರ ಹಿಂದೆ ಬೆಳಕು ಕೊಡುವ ಎಲ್.ಇ.ಡಿ. ಪಟ್ಟಿಗಳು; ಅವುಗಳ ಹಿಂದೆ ವಿದ್ಯುತ್ ಪೂರೈಸುವ ಬೋರ್ಡು, ಚಿತ್ರವನ್ನು ಸಂಸ್ಕರಿಸುವ ಮುಖ್ಯ ಬೋರ್ಡು, ಮತ್ತು ಇವೆರಡರ ಜೊತೆಗೆ ಪ್ಯಾನೆಲ್ಲನ್ನು ನಡೆಸುವ ಚಿಕ್ಕದೊಂದು ಬೋರ್ಡು. ಇವುಗಳಲ್ಲಿ ಎಲ್.ಇ.ಡಿ. ಪಟ್ಟಿಗಳೂ ವಿದ್ಯುತ್ ಬೋರ್ಡೂ ಕೆಟ್ಟರೆ ಊರಿನ ರಿಪೇರಿಯವರೂ ಸರಿಮಾಡಬಲ್ಲರು. ಬಿಡಿಭಾಗಗಳಿಗೆ ಪ್ರಸಿದ್ಧವಾದ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳು ಇಂಥ ಕೈಗಳಿಗೆ ಬಲ ಕೊಡುತ್ತವೆ. ಪ್ಯಾನೆಲ್ಲಿನ ಸಂಗತಿ ಬೇರೆ. ಅದನ್ನು ಬಹುತೇಕ ಸರಿಪಡಿಸುವುದಿಲ್ಲ, ಬದಲಾಯಿಸುತ್ತಾರೆ. ಆ ಬದಲಾವಣೆಯ ವೆಚ್ಚವು ಹೊಸ ಟಿ.ವಿ.ಯ ಬೆಲೆಯ ಅರ್ಧವನ್ನು ಮೀರುವುದುಂಟು. ವಿಸ್ತೃತ ವಾರಂಟಿಯನ್ನು ಕೊಳ್ಳುವವರು ಮುಖ್ಯವಾಗಿ ಕೊಳ್ಳುವುದು ಈ ಒಂದು ಗಾಜಿನ ಹಾಳೆಯ ಅಭಯವನ್ನು.

ಹಾಗಾದರೆ ಲೆಕ್ಕವನ್ನು ಹೀಗೆ ಮಾಡೋಣ. ಟಿ.ವಿ.ಯ ಬೆಲೆ 40,000 ರೂಪಾಯಿ, ಎರಡು ವರ್ಷಗಳ ವಿಸ್ತೃತ ವಾರಂಟಿಗೆ ಕೇಳುವುದು 4,000, ಪ್ಯಾನೆಲ್ ಬದಲಾವಣೆಗೆ ತಗಲುವುದು 24,000 ಎಂದು ಭಾವಿಸಿದರೆ, ಹಣ ಕೊಡುವವರು ಆ ಎರಡು ವರ್ಷಗಳಲ್ಲಿ ಆರಕ್ಕೆ ಒಂದರಷ್ಟು ಪ್ಯಾನೆಲ್ಲುಗಳು ತಾವಾಗಿ ಕೆಡುತ್ತವೆಯೆಂದು ಒಪ್ಪಿಕೊಂಡಂತೆ. ಎಲೆಕ್ಟ್ರಾನಿಕ್ ವಸ್ತುಗಳ ಸ್ವಭಾವವನ್ನು ನೋಡಿದರೆ, ತಯಾರಿಕೆಯ ದೋಷವಿದ್ದವು ಬಹುಮಟ್ಟಿಗೆ ಮೊದಲ ಕೆಲವು ತಿಂಗಳುಗಳಲ್ಲೇ ಕೆಟ್ಟು ಮೂಲ ವಾರಂಟಿಯ ಪಾಲಿಗೆ ಬರುತ್ತವೆ. ಸವೆತದಿಂದ ಕೆಡತಕ್ಕವು ಬಹಳ ವರ್ಷಗಳ ತರುವಾಯ ಕೆಡುತ್ತವೆ. ವಿಸ್ತೃತ ವಾರಂಟಿಯು ಆವರಿಸುವುದು ಇವೆರಡರ ನಡುವಣ ಅತ್ಯಂತ ಆರೋಗ್ಯದ ಅವಧಿಯನ್ನು. ಆದ್ದರಿಂದಲೇ 32 ಅಂಗುಲದ ಅಲ್ಪಬೆಲೆಯ ಟಿ.ವಿ.ಗೆ ಇದು ಅನಾವಶ್ಯಕವೆನ್ನಬಹುದು. ಆದರೆ ಲಕ್ಷ ರೂಪಾಯಿಯ ದೊಡ್ಡ ಪರದೆಯನ್ನು ಕೊಂಡವರಿಗೂ, ಕಂತುಗಳ ನಡುವೆ ಒಮ್ಮೆಲೇ ಅಷ್ಟು ಹಣವನ್ನು ಹೊಂದಿಸಲಾರದ ಸಂಸಾರಕ್ಕೂ, ದರ ಮಿತವಾಗಿದ್ದರೆ, ಈ ಅಭಯಕ್ಕೆ ಬೆಲೆಯುಂಟು. ತಾಳಿಕೊಳ್ಳಬಲ್ಲ ನಷ್ಟವನ್ನು ತಾನೇ ಹೊತ್ತು, ತಾಳಿಕೊಳ್ಳಲಾಗದ ನಷ್ಟಕ್ಕೆ ಮಾತ್ರ ಹಣ ತೆರುವುದು ವಿಮೆಯ ವಿಷಯದಲ್ಲಿ ಸಲ್ಲುವ ವಿವೇಕ.

ಇದಕ್ಕಿಂತಲೂ ಮುಖ್ಯವಾದುದು, ಆ ಕಾಗದದ ಕೊನೆಯ ಪುಟಗಳಲ್ಲಿ ಸಣ್ಣಕ್ಷರಗಳಲ್ಲಿ ಅಡಗಿರುವ ವಿನಾಯಿತಿಗಳ ಪಟ್ಟಿ. ಬಿದ್ದು ಒಡೆದುದು, ಪೆಟ್ಟಿನಿಂದ ಬಿರಿದುದು, ನೀರು ತಗಲಿದುದು, ಸಿಡಿಲಿನಿಂದ ಸುಟ್ಟುದು, ವಿದ್ಯುತ್ತಿನ ಏರಿಳಿತದಿಂದ ಹಾಳಾದುದು, ಇಲಿ ಹಲ್ಲಿ ಇರುವೆಗಳು ಹೊಕ್ಕು ಕೆಡಿಸಿದುದು, ತಪ್ಪಾಗಿ ಕೂಡಿಸಿದ್ದರಿಂದ ಆದ ಹಾನಿ ಇವು ಸಾಧಾರಣವಾಗಿ ಹೊರಗೇ ಉಳಿಯುತ್ತವೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಏಪ್ರಿಲ್, ಮೇ ತಿಂಗಳುಗಳ ಸಂಜೆಯ ಗುಡುಗುಮಳೆಗಳನ್ನು ಬಲ್ಲವರಿಗೆ, ಸಂಜೆಯಾದೊಡನೆ ದೀಪ ಮಂಕಾಗಿ ಮರುಗಳಿಗೆ ಕಣ್ಣು ಕೋರೈಸುವ ಹಳ್ಳಿಯ ವಿದ್ಯುತ್ತನ್ನು ಬಲ್ಲವರಿಗೆ, ಬೋರ್ಡಿನ ಬಿಸುಪನ್ನರಸಿ ಹಲ್ಲಿಯೊಂದು ಒಳಹೊಕ್ಕು ಎರಡು ತಂತಿಗಳ ನಡುವೆ ಸತ್ತುಬಿದ್ದುದನ್ನು ಕಂಡವರಿಗೆ, ಈ ಪಟ್ಟಿಯು ತೋರಿಸಿಕೊಡುವುದು ಇಷ್ಟೇ: ನಮ್ಮ ನಾಡಿನಲ್ಲಿ ಟಿ.ವಿ.ಗೆ ಒದಗುವ ಅಪಾಯಗಳಲ್ಲಿ ಹಲವು ಕಾಗದದ ರಕ್ಷಣೆಯಿಂದ ಹೊರಗಿವೆ. ಅವುಗಳನ್ನು ತಡೆಯತಕ್ಕವು ಬೇರೆ: ಬಿಗಿಯಾದ ಆಧಾರ, ಸರಿಯಾದ ಅರ್ತಿಂಗು, ಒಂದು ಒಳ್ಳೆಯ ಸ್ಟೆಬಿಲೈಸರು, ಗುಡುಗು ಕೇಳಿಸಿದ ಕೂಡಲೆ ಪ್ಲಗ್ಗನ್ನೂ ಡಿಶ್ಶಿನ ಕೇಬಲ್ಲನ್ನೂ ಕಳಚಿಡುವ ಅಭ್ಯಾಸ. ಕೈಯಲ್ಲಿರುವ ಹೆಚ್ಚುವರಿ ಹಣದ ಮೊದಲ ಪಾಲು ಸಲ್ಲಬೇಕಾದುದು ಇವುಗಳಿಗೆ. ಎರಡನೆಯ ಪಾಲು ಕಾಗದಕ್ಕೆ. ಕೂಡಿಸುವ ಕೆಲಸವನ್ನು ತಯಾರಕರ ಅಧಿಕೃತ ಕೆಲಸಗಾರರಿಂದಲೇ ಮಾಡಿಸಿ ಅದರ ರಸೀತಿಯನ್ನು ಪಡೆದರೆ, ‘ತಪ್ಪಾಗಿ ಕೂಡಿಸಿದಿರಿ’ ಎಂಬ ಆಕ್ಷೇಪಕ್ಕೆ ಮುಂದೆ ಆಸ್ಪದವಿರುವುದಿಲ್ಲ.

ಸಹಿ ಹಾಕುವ ಮುನ್ನ

ವಿಸ್ತೃತ ವಾರಂಟಿಯನ್ನು ಕೊಳ್ಳಲೇಬೇಕೆಂದು ನಿಶ್ಚಯಿಸಿದವರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ವಾಗ್ದಾನ ಮಾಡುತ್ತಿರುವವರು ಯಾರು? ತಯಾರಕರೋ, ಅಂಗಡಿಯವರೋ, ಅಥವಾ ಮೂರನೆಯ ಕಂಪನಿಯೋ? ಮೂರನೆಯವರಾದರೆ ಬಿಡಿಭಾಗಗಳು ತಯಾರಕರವೇ ಆಗಿರುತ್ತವೆಯೋ? ಪ್ಯಾನೆಲ್ ಸ್ಪಷ್ಟವಾದ ಮಾತುಗಳಲ್ಲಿ ಸೇರಿದೆಯೋ? ರಿಪೇರಿ ಸಾಧ್ಯವಾಗದಿದ್ದರೆ ಹೊಸದನ್ನು ಕೊಡುತ್ತಾರೋ, ಇಲ್ಲವೆ ಸವಕಳಿಯನ್ನು ಕಳೆದು ಉಳಿದ ಬೆಲೆಗೆ ಅಂಗಡಿಯ ಕೂಪನ್ನೊಂದನ್ನು ಕೊಡುತ್ತಾರೋ? ಶಿರಸಿಗೋ ಸಿಂಧನೂರಿಗೋ ಮನೆಬಾಗಿಲಿಗೆ ಕೆಲಸಗಾರ ಬರುತ್ತಾನೆಯೋ, ಅಥವಾ ಟಿ.ವಿ.ಯನ್ನು ಹೊತ್ತುಕೊಂಡು ನಗರಕ್ಕೆ ಹೋಗಬೇಕೋ? ಇವುಗಳ ಉತ್ತರವು ಮಾತಿನಲ್ಲಿ ಬಂದರೆ ಸಾಲದು, ಬರಹದಲ್ಲಿರಬೇಕು. ಅನೇಕ ತಯಾರಕರು ಮೂಲ ವಾರಂಟಿಯು ಮುಗಿಯುವುದರೊಳಗೆ ಯಾವಾಗ ಬೇಕಾದರೂ ಅದನ್ನು ವಿಸ್ತರಿಸಿಕೊಳ್ಳಲು ಅವಕಾಶ ಕೊಡುವುದರಿಂದ, ‘ಇವತ್ತೇ ತೆಗೆದುಕೊಂಡರೆ ಮಾತ್ರ’ ಎಂಬ ಒತ್ತಾಯಕ್ಕೆ ಮಣಿಯಬೇಕಾದ ಅಗತ್ಯವಿಲ್ಲ.

ಇಷ್ಟರ ಮೇಲೂ ತೊಡಕು ಬಂದರೆ ಗ್ರಾಹಕನು ನಿಸ್ಸಹಾಯಕನಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಗಳನ್ನು ಮೀರದ ವ್ಯಾಜ್ಯಗಳನ್ನು ಶುಲ್ಕವಿಲ್ಲದೆಯೇ ಜಿಲ್ಲಾ ಆಯೋಗದ ಮುಂದೆ ಒಯ್ಯಬಹುದು. ಅಂಗಡಿ ಎಲ್ಲಿಯದೇ ಆಗಲಿ, ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ವ್ಯಾಜ್ಯದ ಕಾರಣವು ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಅದಕ್ಕೆ ಮುಂಚೆ 1915 ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರನ್ನು ದಾಖಲಿಸಿ ನೋಡಬಹುದು. ಇವೆಲ್ಲಕ್ಕೂ ಮೂಲಾಧಾರವೆಂದರೆ ಬಿಲ್ಲು, ವಾರಂಟಿ ಪತ್ರ, ಟಿ.ವಿ.ಯ ಬೆನ್ನಿನ ಮೇಲಿನ ಸೀರಿಯಲ್ ನಂಬರು. ಗೋಡೆಗೆ ಏರಿಸಿದ ಮೇಲೆ ಆ ನಂಬರು ಕಾಣಿಸದಾದ್ದರಿಂದ ಏರಿಸುವ ಮೊದಲೇ ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳತಕ್ಕದ್ದು.

ಕೊನೆಯದಾಗಿ ಒಂದು ಮಾತು. ವಸ್ತುವಿನ ಗುಣ, ಪ್ರಮಾಣ, ಬೆಲೆಗಳನ್ನು ತಿಳಿಯುವ ಅಧಿಕಾರವನ್ನು ಈ ಕಾಯಿದೆಯು ಗ್ರಾಹಕನ ಹಕ್ಕುಗಳಲ್ಲಿ ಒಂದಾಗಿ ಮನ್ನಿಸಿದೆ. ಆದರೆ ನಮ್ಮ ಊರುಗಳ ಅಂಗಡಿಗಳಲ್ಲಿ ಕೈಗೆ ಬರುವ ವಾರಂಟಿಯ ಷರತ್ತುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಅದೂ ಕಣ್ಣಿಗೆ ಕಾಣಿಸದಂಥ ಅಕ್ಷರಗಳಲ್ಲಿ ಇರುವಾಗ, ಕನ್ನಡವನ್ನು ಮಾತ್ರ ಬಲ್ಲ ತಾಯಂದಿರೂ ರೈತರೂ ಕೂಲಿಕಾರರೂ ತಮ್ಮ ಬೆವರಿನ ಹಣದಿಂದ ಕೊಳ್ಳುತ್ತಿರುವುದು ಏನೆಂಬುದನ್ನು ಅರಿಯುವುದಾದರೂ ಹೇಗೆ? ಹಣ ಎಣಿಸುವುದಕ್ಕೆ ಮುಂಚೆ ‘ಷರತ್ತುಗಳನ್ನು ಕನ್ನಡದಲ್ಲಿ ಕೊಡಿ, ಮನೆಗೆ ಒಯ್ದು ಓದಿ ನಾಳೆ ಹೇಳುತ್ತೇವೆ’ ಎಂದು ಕೇಳುವುದಕ್ಕೆ ಯಾವ ಖರ್ಚೂ ಇಲ್ಲ. ಒಬ್ಬಿಬ್ಬರು ಕೇಳಿದರೆ ಅಂಗಡಿಯವರು ನಕ್ಕು ಸುಮ್ಮನಾದಾರು. ಕೊಳ್ಳಲು ಬಂದವರೆಲ್ಲರೂ ಕೇಳತೊಡಗಿದರೆ ಕಂಪನಿಗಳು ಅಚ್ಚು ಹಾಕಿಸಲೇಬೇಕಾಗುತ್ತದೆ. ಗೋಡೆಯ ಬಲವನ್ನು ತಾವೇ ಪರೀಕ್ಷಿಸಿ ನೋಡುವವರು ಕಾಗದದ ಬಲವನ್ನೂ ತಾವೇ ಓದಿ ನೋಡುವಂತಾದರೆ, ಮಾರುವವರು ಕೊಡುವ ಮಾತು ಅಷ್ಟರಮಟ್ಟಿಗೆ ಹೆಚ್ಚು ಪ್ರಾಮಾಣಿಕವಾಗುವುದರಲ್ಲಿ ಸಂದೇಹವಿಲ್ಲ.